ಸಿಮೆಂಟಿನ ಹಿಂದೆ ಕೊಳೆಯುತ್ತಿರುವ ಕಂಬಗಳು

ಮಳೆಗಾಲ ಮುಗಿದ ಮೇಲೆ ಯಲಹಂಕದ ಹಳೆ ಊರಿನ ಓಣಿಗಳಲ್ಲಿ ಒಮ್ಮೆ ನಡೆದು ನೋಡಿ. ಮೂರು, ನಾಲ್ಕು ಅಂತಸ್ತಿನ ಹೊಸ ಕಟ್ಟಡಗಳ ನಡುವೆ ಅಲ್ಲೊಂದು ಇಲ್ಲೊಂದು ತಗ್ಗಾದ ಹೆಂಚಿನ ಮನೆ ಇನ್ನೂ ಉಳಿದಿರುತ್ತದೆ. ಮುಂದೆ ಜಗಲಿ, ಜಗಲಿಯ ಮೇಲೆ ಮರದ ಕಂಬಗಳು, ಕಂಬದ ತಲೆಯ ಮೇಲೆ ಬೋದಿಗೆ, ಒಳಗೆ ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಗೋಡೆಯ ಬುಡಕ್ಕೆ ಮೂರಡಿ ಎತ್ತರದವರೆಗೆ ಬೂದು ಬಣ್ಣದ ಸಿಮೆಂಟಿನ ಪಟ್ಟಿ. ಆ ಪಟ್ಟಿಯ ಮೇಲಂಚಿನಲ್ಲಿ ಬಿಳಿ ಉಪ್ಪು ಹೂ ಬಿಟ್ಟಿರುತ್ತದೆ. ಅದಕ್ಕೂ ಮೇಲೆ ಬಣ್ಣ ಉಬ್ಬಿ ಸಿಪ್ಪೆ ಸುಲಿದಿರುತ್ತದೆ. ಕೇಳಿದರೆ ಮನೆಯವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಥಂಡಿ ಮೇಲಕ್ಕೆ ಏರ್ತಾ ಇದೆ. ಬರೋ ವರ್ಷ ಇನ್ನೂ ಎರಡಡಿ ಸಿಮೆಂಟ್ ಹೊಡೆಸಿಬಿಡ್ತೀವಿ.”

ಆ ಎರಡಡಿ ಸಿಮೆಂಟನ್ನು ತಡೆಯಲೆಂದೇ ಈ ಲೇಖನ. ಥಂಡಿ ಮೇಲಕ್ಕೆ ಏರಿದ್ದು ಸಿಮೆಂಟ್ ಸಾಲದೆ ಬಂದ ತೊಂದರೆಯಲ್ಲ; ಹಾಕಿದ ಸಿಮೆಂಟಿನಿಂದಲೇ ಏರಿದೆ. ಇನ್ನೆರಡು ಅಡಿ ಹಾಕಿದರೆ ಅದು ಇನ್ನೂ ಮೇಲೇರಿ, ಗೋಡೆಯೊಳಗೆ ಸೇರಿಕೊಂಡಿರುವ ಕಂಬ ಮತ್ತು ತೊಲೆಗಳ ತುದಿಯನ್ನು ಮುಟ್ಟುತ್ತದೆ. ಆಮೇಲೆ ಆ ಮನೆ ಬೀಳುವುದು ಯಾವ ಮಳೆಗೆ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಈ ಮನೆಗಳು ನಿಂತಿರುವ ಬಗೆ

ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನಕ್ಕೆ ಯಲಹಂಕ ನಾಡಪ್ರಭುಗಳೆಂದೇ ಹೆಸರು. 1537ರಲ್ಲಿ ಬೆಂಗಳೂರು ಹುಟ್ಟುವ ಮೊದಲೇ ಇದ್ದ ಊರು ಇದು. 2007ರವರೆಗೂ ತನ್ನದೇ ನಗರಸಭೆ ಇಟ್ಟುಕೊಂಡಿತ್ತು. ಜಕ್ಕೂರು, ಅಮೃತಹಳ್ಳಿ, ಕೊಡಿಗೇಹಳ್ಳಿ, ಹೆಬ್ಬಾಳ, ಆರ್.ಟಿ. ನಗರದ ಮಗ್ಗುಲಿನ ಮಠದಹಳ್ಳಿ, ಯಶವಂತಪುರದ ಪಕ್ಕದ ಮತ್ತಿಕೆರೆ ಎಲ್ಲವೂ ಬಡಾವಣೆಗಳು ಬರುವ ಮೊದಲು ಕೆರೆ, ರಾಗಿ ಹೊಲ, ಗುಂಡುತೋಪುಗಳ ಹಳ್ಳಿಗಳು. ಮನೆ ಕಟ್ಟಲು ಆ ಜನ ಬಳಸಿದ್ದು ಕಾಲಡಿಯ ಕೆಮ್ಮಣ್ಣು, ಸುತ್ತಲಿನ ಮರ, ಕಲ್ಲು ಮತ್ತು ಸುಣ್ಣ.

ಉತ್ತರ ಬೆಂಗಳೂರಿನ ಕೆಮ್ಮಣ್ಣು ಗೋಡೆಗೆ ಹೇಳಿ ಮಾಡಿಸಿದ ಮಣ್ಣು. ಅದರ ಜೇಡಿ ಹೆಚ್ಚಾಗಿ ಕೇಯೊಲಿನೈಟ್ ಎಂಬ ಜಾತಿಯದು. ನೆನೆದಾಗ ಕಪ್ಪು ಎರೆಮಣ್ಣಿನಂತೆ ಉಬ್ಬುವುದಿಲ್ಲ, ಒಣಗಿದಾಗ ಅಷ್ಟು ಬಿರಿಯುವುದಿಲ್ಲ. ಹಾಗಾಗಿ ಇಲ್ಲಿನ ಮಣ್ಣಿನ ಗೋಡೆಗಳು ತಲೆಮಾರುಗಳ ಕಾಲ ನಿಂತವು.

ಮನೆಯ ಭಾರ ಹೊರುವ ಕ್ರಮ ನೋಡಿ. ಮಾಡಿನ ಹೆಂಚನ್ನು ರೀಪು ಹೊರುತ್ತದೆ, ರೀಪನ್ನು ಜಂತೆ, ಜಂತೆಯನ್ನು ತೊಲೆ. ತೊಲೆಯ ಒಂದು ತುದಿ ತೊಟ್ಟಿಯ ಸುತ್ತಲಿನ ಕಂಬದ ಮೇಲೆ, ಇನ್ನೊಂದು ತುದಿ ಹೊರಗೋಡೆಯ ಮಣ್ಣಿನೊಳಗೆ. ಕೆಲವು ಮನೆಗಳಲ್ಲಿ ಗೋಡೆಯೊಳಗೇ ಕಂಬ ನಿಲ್ಲಿಸಿ ಅದರ ಸುತ್ತ ಮಣ್ಣು ಕಟ್ಟಿರುತ್ತಾರೆ. ಕಂಬದ ಬುಡಕ್ಕೆ ಒಂದು ಕಲ್ಲು. ಆ ಕಲ್ಲು ನೆಲಮಟ್ಟಕ್ಕಿಂತ ನಾಲ್ಕು ಬೆರಳು ಮೇಲಿರುತ್ತಿತ್ತು. ಅಲಂಕಾರವಾಗಿ ಕಾಣುವ ಆ ಕಲ್ಲಿನ ನಿಜವಾದ ಕೆಲಸ ನೆಲದ ತೇವ ಮರಕ್ಕೆ ತಾಗದಂತೆ ನೋಡಿಕೊಳ್ಳುವುದು.

ಗೋಡೆಯ ಹೊರಮೈಗೆ ಮಣ್ಣು, ಹೊಟ್ಟು, ಸೆಗಣಿಯ ಮೆತ್ತುಗೆ. ಉಳ್ಳವರಾದರೆ ಸುಣ್ಣದ ಗಾರೆ. ಅದರ ಮೇಲೆ ವರ್ಷಕ್ಕೊಮ್ಮೆ ಸುಣ್ಣ. ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುವುದನ್ನು ನಾವು ಹಬ್ಬದ ಸಡಗರ ಎಂದಷ್ಟೇ ನೆನೆಯುತ್ತೇವೆ. ವಾಸ್ತವದಲ್ಲಿ ಅದು ಮನೆಯ ವಾರ್ಷಿಕ ದುರಸ್ತಿ. ಕಳೆದ ಮಳೆಯಲ್ಲಿ ಬಿಟ್ಟ ಕೂದಲೆಳೆಯ ಬಿರುಕುಗಳನ್ನು ಸುಣ್ಣದ ತಿಳಿ ತುಂಬುತ್ತಿತ್ತು. ಗೋಡೆ ಎಲ್ಲಿ ನೆನೆದಿದೆ, ಎಲ್ಲಿ ಮಣ್ಣು ಉದುರಿದೆ ಎಂದು ಮನೆಯವರು ಕೈಯಾರೆ ಮುಟ್ಟಿ ನೋಡುತ್ತಿದ್ದರು.

ನೀರು ಏರುವ ಲೆಕ್ಕ

ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುವಂತೆ ಮಣ್ಣಿನ ಗೋಡೆ ನೆಲದ ತೇವವನ್ನು ಎಳೆದುಕೊಳ್ಳುತ್ತದೆ. ಎಷ್ಟು ಎತ್ತರಕ್ಕೆ? ಇದಕ್ಕೆ ಸರಳವಾದ ಲೆಕ್ಕವಿದೆ. ಬುಡದಿಂದ ಒಳಬರುವ ನೀರು ಮತ್ತು ಗೋಡೆಯ ಎರಡೂ ಮೈಯಿಂದ ಆವಿಯಾಗಿ ಹೊರಹೋಗುವ ನೀರು ಎಲ್ಲಿ ಸರಿಸಮವಾಗುತ್ತವೆಯೋ ಅಲ್ಲಿ ತೇವ ನಿಲ್ಲುತ್ತದೆ. ಗೋಡೆ ಚೆನ್ನಾಗಿ ಆರುತ್ತಿದ್ದರೆ ಆ ಮಟ್ಟ ಬುಡಕ್ಕೆ ಹತ್ತಿರವಾಗಿಯೇ ಇರುತ್ತದೆ. ಆರುವ ದಾರಿ ಮುಚ್ಚಿದರೆ ನೀರು ಇನ್ನೊಂದು ದಾರಿ ಹುಡುಕಿ ಮೇಲಕ್ಕೆ ಹೋಗುತ್ತದೆ.

ಮಣ್ಣಿನ ಮೆತ್ತುಗೆ ಮತ್ತು ಸುಣ್ಣದ ಗಾರೆ ಆವಿಯನ್ನು ಹೊರಗೆ ಬಿಡುತ್ತವೆ. ಗಟ್ಟಿ ಸಿಮೆಂಟಿನ ಪದರ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಅದರ ಮೇಲೆ ಪುಟ್ಟಿ, ಪ್ಲಾಸ್ಟಿಕ್ ಎಮಲ್ಷನ್ ಬಣ್ಣ, ಇಲ್ಲವೇ ಹೊಳಪಿನ ಟೈಲ್ಸ್ ಕೂರಿಸಿದರೆ ದಾರಿ ಬಹುತೇಕ ಮುಚ್ಚಿಹೋಗುತ್ತದೆ. ಮೂರಡಿ ಪಟ್ಟಿ ಹಾಕಿದ ಮನೆಯಲ್ಲಿ ಥಂಡಿ ಮೂರಡಿಯ ಮೇಲೆ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ಐದಡಿ ಹಾಕಿದರೆ ಐದಡಿಯ ಮೇಲೆ ಕಾಣಿಸುತ್ತದೆ.

ಹಾಗಾದರೆ ಸಿಮೆಂಟ್ ಮಳೆನೀರನ್ನಾದರೂ ತಡೆಯುವುದಿಲ್ಲವೇ? ಬಿರುಕಿಲ್ಲದಿದ್ದರೆ ತಡೆಯುತ್ತದೆ. ಮರ ಮತ್ತು ಮಣ್ಣಿನ ಗೋಡೆಯ ಮೇಲೆ ಅದು ಬಿರುಕಿಲ್ಲದೆ ಉಳಿಯುವುದಿಲ್ಲ. ಮರ ಉದ್ದಕ್ಕೆ ಹೆಚ್ಚು ಬದಲಾಗದಿದ್ದರೂ ಅಡ್ಡಕ್ಕೆ ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮಣ್ಣು ಮೆತ್ತಗೆ ಬಾಗುತ್ತದೆ. ಸಿಮೆಂಟ್ ಬಾಗಲಾರದೆ ಬಿರಿಯುತ್ತದೆ. ಕಂಬ ಗೋಡೆಯನ್ನು ಸೇರುವ ಗೆರೆಯಲ್ಲಿ, ಕಿಟಕಿ ಚೌಕಟ್ಟಿನ ಮೂಲೆಯಲ್ಲಿ, ತೊಲೆಯ ತುದಿಯ ಸುತ್ತ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬೀಸುಮಳೆಯ ನೀರು ಆ ಬಿರುಕಿನಿಂದ ಒಳಗೆ ನುಗ್ಗುತ್ತದೆ. ಒಳಗೆ ಬಂದ ನೀರು ಹೊರಹೋಗಬೇಕಾದರೆ ಇಡೀ ಗೋಡೆಯ ಮೈ ಬೇಕು. ಆ ಮೈಯನ್ನೇ ನಾವು ಮುಚ್ಚಿದ್ದೇವೆ.

ಇದರ ಜೊತೆಗೆ ಉಪ್ಪಿನ ಕಾಟ. ಈ ಮನೆಗಳಲ್ಲಿ ಹಲವು ಕಾಲ ದನಗಳೂ ಒಳಗೇ ಇರುತ್ತಿದ್ದವು. ಕೊಟ್ಟಿಗೆಯ ನೆಲದಿಂದ ಗೋಡೆಗೆ ಇಳಿದ ನೈಟ್ರೇಟ್ ಲವಣಗಳು ಇಂದೂ ಅಲ್ಲಿವೆ. ಸಿಮೆಂಟ್ ತನ್ನ ಕ್ಷಾರಲವಣಗಳನ್ನೂ ಅದಕ್ಕೆ ಸೇರಿಸುತ್ತದೆ. ನೀರು ಆರಿದಲ್ಲೆಲ್ಲ ಲವಣ ಹರಳುಗಟ್ಟಿ ಮಣ್ಣಿನ ಕಣಗಳನ್ನು ಒತ್ತಿ ಬಿಡಿಸುತ್ತದೆ. ಸುಣ್ಣದ ಮೈಯಿದ್ದಾಗ ಈ ಹರಳು ಹೊರಮೈಯಲ್ಲಿ ಮೂಡಿ ಪೊರಕೆಗೆ ಉದುರುತ್ತಿತ್ತು. ಸಿಮೆಂಟಿನ ಗೋಡೆಯಲ್ಲಿ ಅದು ಪದರದ ಹಿಂದೆ ಮೂಡುತ್ತದೆ. ಹೊರಗಿನಿಂದ ನೆಟ್ಟಗೆ ಕಾಣುವ ಸಿಮೆಂಟಿನ ಹಿಂದೆ ಮಣ್ಣು ಪುಡಿಯಾಗಿ ಟೊಳ್ಳಾಗಿರುತ್ತದೆ. ಬೆರಳ ಗಿಣ್ಣಿನಿಂದ ತಟ್ಟಿದರೆ ಡೊಳ್ಳಿನ ಸದ್ದು ಬರುವುದು ಅದಕ್ಕೇ.

ಮರದ ಲೆಕ್ಕ

ಮಲ್ಲೇಶ್ವರದ ಹದಿನೆಂಟನೇ ಅಡ್ಡರಸ್ತೆಯಲ್ಲಿ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಯಶವಂತಪುರದಿಂದ ಕೂಗಳತೆಯ ದೂರ. ಮರ ಯಾಕೆ ಕೊಳೆಯುತ್ತದೆ, ಎಷ್ಟು ಕಾಲ ಬಾಳುತ್ತದೆ, ಗೆದ್ದಲು ಅದನ್ನು ಹೇಗೆ ತಿನ್ನುತ್ತದೆ ಎಂಬುದೇ ಅಲ್ಲಿನ ಅಧ್ಯಯನ. ಮರದ ವಿಜ್ಞಾನ ಬಲ್ಲವರೆಲ್ಲ ಒಪ್ಪುವ ಒಂದು ಗಡಿರೇಖೆ ಇದೆ. ಮರದಲ್ಲಿನ ನೀರು ಅದರ ಒಣತೂಕದ ನೂರಕ್ಕೆ 20ಕ್ಕಿಂತ ಕಡಿಮೆ ಇರುವವರೆಗೆ ಕೊಳೆಸುವ ಶಿಲೀಂಧ್ರಗಳು ಬೆಳೆಯಲಾರವು. ಬೆಂಗಳೂರಿನ ಹವೆಯಲ್ಲಿ ಗಾಳಿಯಾಡುತ್ತ ನಿಂತ ಕಂಬದಲ್ಲಿ ಇರುವುದು ಸುಮಾರು 10ರಿಂದ 15. ನೂರು ವರ್ಷದ ಕಂಬ ಇವತ್ತಿಗೂ ಕಲ್ಲಿನಂತೆ ಇರುವ ಗುಟ್ಟು ಇಷ್ಟೇ. ನೂರಕ್ಕೆ 28–30 ದಾಟಿದರೆ ಮರದ ಕೋಶಗಳೊಳಗೆ ಬಿಡಿನೀರು ನಿಲ್ಲುತ್ತದೆ, ಕೊಳೆತ ಬಿರುಸಾಗುತ್ತದೆ.

ಕೊಳೆಯುವ ಮರದ ಮೋಸ ಏನೆಂದರೆ ಅದು ತೂಕಕ್ಕಿಂತ ಮೊದಲು ಬಲವನ್ನು ಕಳೆದುಕೊಳ್ಳುತ್ತದೆ. ಕಂದು ಕೊಳೆತ ಹಿಡಿದ ಮರದಲ್ಲಿ ತೂಕದ ಹತ್ತರಲ್ಲೊಂದು ಪಾಲು ಹೋಗುವಷ್ಟರಲ್ಲಿ ಪೆಟ್ಟು ತಡೆಯುವ ಶಕ್ತಿ ಅರ್ಧಕ್ಕೂ ಹೆಚ್ಚು ಹೋಗಿರಬಹುದು. ಕಣ್ಣಿಗೆ ಕಂಬ ಅದೇ ಕಂಬ. ಬಣ್ಣ ಹಚ್ಚಿದ್ದರಂತೂ ಏನೂ ತಿಳಿಯದು.

ಗೆದ್ದಲಿಗೂ ನೀರೇ ಆಧಾರ. ನಮ್ಮ ನೆಲದ ಗೆದ್ದಲು ಮಣ್ಣಿನೊಳಗಿನಿಂದ ಬಂದು, ಬೆಳಕು ಮತ್ತು ಒಣಗಾಳಿ ತಾಗದಂತೆ ಮಣ್ಣಿನ ಸುರಂಗ ಕಟ್ಟಿಕೊಂಡು ಮರ ಮುಟ್ಟುತ್ತದೆ. ಮೊದಲಿನ ಗೋಡೆಯಲ್ಲಿ ಆ ಸುರಂಗ ಸುಣ್ಣದ ಬಿಳುಪಿನ ಮೇಲೆ ಕೆಂಪು ಗೆರೆಯಾಗಿ ಎದ್ದು ಕಾಣುತ್ತಿತ್ತು. ಮನೆಯ ಹೆಣ್ಣುಮಕ್ಕಳು ಬೆಳಗ್ಗೆ ಗುಡಿಸುವಾಗಲೇ ಕೆರೆದು ಹಾಕುತ್ತಿದ್ದರು. ಈಗ ಸಿಮೆಂಟ್ ಪದರ ಮತ್ತು ಮಣ್ಣಿನ ನಡುವಿನ ಸಂದಿನಲ್ಲಿ ತೇವ, ಕತ್ತಲು, ದಾರಿ ಮೂರನ್ನೂ ಗೆದ್ದಲಿಗೆ ನಾವೇ ಒದಗಿಸಿದ್ದೇವೆ.

ನೆಲಕ್ಕೆ ಗ್ರಾನೈಟ್ ಅಥವಾ ಟೈಲ್ಸ್ ಹಾಸುವಾಗ ಇನ್ನೊಂದು ಅನಾಹುತ ನಡೆಯುತ್ತದೆ. ಹಳೆಯ ನೆಲದ ಮೇಲೆ ನಾಲ್ಕೈದು ಇಂಚು ಕಾಂಕ್ರೀಟ್ ಬೀಳುತ್ತದೆ. ಕಂಬದ ಬುಡದ ಕಲ್ಲು ಅದರಡಿ ಮುಚ್ಚಿಹೋಗಿ ಮರವೇ ಕಾಂಕ್ರೀಟಿನಲ್ಲಿ ಹೂತುಕೊಳ್ಳುತ್ತದೆ. ನೆಲದಿಂದ ಮೇಲೇಳುತ್ತಿದ್ದ ಆವಿಗೆ ನೆಲದಲ್ಲಿ ದಾರಿ ಇಲ್ಲವಾಗಿ ಗೋಡೆ ಮತ್ತು ಕಂಬಗಳ ಕಡೆ ಸರಿಯುತ್ತದೆ. ಹಿಂದಿನವರು ನಾಲ್ಕು ಬೆರಳು ಕಲ್ಲಿನಿಂದ ಮಾಡಿದ್ದ ರಕ್ಷಣೆ ಒಂದು ಮಧ್ಯಾಹ್ನದ ಕೆಲಸದಲ್ಲಿ ಹೋಗುತ್ತದೆ.

ಮಣ್ಣಿನ ಲೆಕ್ಕ

ಒಣ ಮಣ್ಣು ಗೋಡೆಯಾಗುತ್ತದೆ, ನೆನೆದ ಮಣ್ಣು ಕೆಸರಾಗುತ್ತದೆ. ಯಶವಂತಪುರದ ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ತೆರೆದರು. ಅಲ್ಲಿ ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮುಂತಾದವರು ದಶಕಗಳ ಕಾಲ ಮಣ್ಣಿನ ಮೇಲೆಯೇ ಕೆಲಸ ಮಾಡಿದರು. ಬರಿಯ ಮಣ್ಣಿನ ಇಟ್ಟಿಗೆ ನೀರಿನಲ್ಲಿ ಮುಳುಗಿದರೆ ಕರಗುತ್ತದೆ. ಅದೇ ಮಣ್ಣಿಗೆ ನೂರಕ್ಕೆ 7ರ ಆಸುಪಾಸು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ, ನೀರುಣಿಸಿ ಹದಗೊಳಿಸಿದರೆ ನೆನೆದ ಮೇಲೂ ಭಾರ ಹೊರುತ್ತದೆ. ಈ ವಿಧಾನದಲ್ಲಿ ಬೆಂಗಳೂರಿನಲ್ಲೇ ಎಷ್ಟೋ ಮನೆಗಳು ಎದ್ದಿವೆ.

ಇದನ್ನು ಹೇಳಲು ಕಾರಣವಿದೆ. ಸಿಮೆಂಟ್ ಕೆಟ್ಟ ವಸ್ತು ಎಂಬುದು ನನ್ನ ವಾದವಲ್ಲ. ಮಣ್ಣಿನ ಕಣಕಣಕ್ಕೂ ಬೆರೆತ ಸಿಮೆಂಟ್ ಗೋಡೆಯನ್ನು ಉಳಿಸುತ್ತದೆ. ಬರಿ ಮಣ್ಣಿನ ಗೋಡೆಯ ಮೇಲೆ ಅಂಗಿಯಂತೆ ತೊಡಿಸಿದ ಸಿಮೆಂಟ್ ಒಳಗಿನ ಮಣ್ಣನ್ನು ನೆನೆಸಿಟ್ಟು ಕೊಲ್ಲುತ್ತದೆ. “ಇದೆಲ್ಲ ಮಣ್ಣು ಕಣಮ್ಮ, ಮೇಲೊಂದು ಸಿಮೆಂಟ್ ಕೋಟಿಂಗ್ ಕೊಟ್ರೆ ಗಟ್ಟಿಯಾಗುತ್ತೆ” ಎನ್ನುವ ಮೇಸ್ತ್ರಿ ಸುಳ್ಳು ಹೇಳುತ್ತಿಲ್ಲ. ಆತ ಕಲಿತದ್ದು ಇಟ್ಟಿಗೆ, ಕಾಂಕ್ರೀಟಿನ ಕೆಲಸ. ಮೇಲ್ಮೈ ಗಟ್ಟಿಯಾಗುವುದೂ ನಿಜ. ಭಾರ ಹೊರುವುದು ಮೇಲ್ಮೈಯಲ್ಲ ಎಂಬುದನ್ನು ಆತನಿಗೆ ಯಾರೂ ಹೇಳಿಕೊಟ್ಟಿಲ್ಲ.

ನಡೆದುಹೋದ ಪಾಠಗಳು

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ರಾಂಚೋಸ್ ದೆ ತಾವೋಸ್ ಎಂಬ ಊರಿನಲ್ಲಿ ಸಾನ್ ಫ್ರಾನ್ಸಿಸ್ಕೊ ದೆ ಅಸೀಸ್ ಎಂಬ ಹಳೆಯ ಇಗರ್ಜಿಯಿದೆ. ಗೋಡೆ ಪೂರ್ತಿ ಹಸಿ ಇಟ್ಟಿಗೆಯದು, ಮಾಡಿಗೆ ಮರದ ದೂಲಗಳು. ಊರಿನವರು ವರ್ಷಕ್ಕೊಮ್ಮೆ ಸೇರಿ ಅದಕ್ಕೆ ಮಣ್ಣು ಮೆತ್ತುತ್ತಿದ್ದರು. ಈ ಶ್ರಮ ತಪ್ಪಲಿ ಎಂದು 1967ರಲ್ಲಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಹನ್ನೆರಡು ವರ್ಷ ಹೊರಗಿನಿಂದ ಎಲ್ಲವೂ ಚೆನ್ನಾಗಿಯೇ ಕಂಡಿತು. 1979ರಲ್ಲಿ ಪ್ಲಾಸ್ಟರ್ ಒಡೆದು ತೆಗೆದಾಗ ಬಿರುಕುಗಳಿಂದ ಇಳಿದ ನೀರು ಒಳಗೇ ನಿಂತು ಇಟ್ಟಿಗೆಗಳನ್ನು ಕೆಡಿಸಿದ್ದು ಕಂಡಿತು. ಊರು ಮತ್ತೆ ಮಣ್ಣಿಗೆ ಮರಳಿತು. ಇಂದಿಗೂ ಅಲ್ಲಿನವರು ಪ್ರತಿ ಬೇಸಿಗೆ ಕೈಯಾರೆ ಮಣ್ಣು ಮೆತ್ತುತ್ತಾರೆ.

ಇಂಗ್ಲೆಂಡಿನ ಡೆವನ್ ಸೀಮೆಯ ಮಣ್ಣು–ಹುಲ್ಲಿನ ಮನೆಗಳಲ್ಲೂ ಇದೇ ಕತೆ. ಇಪ್ಪತ್ತನೇ ಶತಮಾನದಲ್ಲಿ ಅವುಗಳಿಗೆ ಸಿಮೆಂಟ್ ಹೊದಿಸಿದರು. ಕೆಲವು ಗೋಡೆಗಳು ಬುಡದಲ್ಲಿ ನೆನೆದು, ಹೊರಗೆ ಹೆಚ್ಚೇನೂ ಸುಳಿವು ಕೊಡದೆ, ಒಮ್ಮೆಗೇ ಕುಸಿದವು. ಇಂಗ್ಲೆಂಡಿನದೇ ಮರದ ಚೌಕಟ್ಟಿನ ಹಳೆಯ ಮನೆಗಳಲ್ಲಿ ಕಂಬಗಳ ನಡುವಿನ ಮಣ್ಣು ಕಿತ್ತು ಸಿಮೆಂಟ್ ತುಂಬಿದ ಕಡೆ ಮರವೇ ಕೊಳೆಯಿತು. ಹಳೆ ಕಟ್ಟಡಗಳ ರಕ್ಷಣೆಗೆಂದು 1877ರಲ್ಲಿ ವಿಲಿಯಂ ಮಾರಿಸ್ ಕಟ್ಟಿದ ಸಂಘ ಇಂದಿಗೂ ಮನೆಯವರಿಗೆ ಹೇಳುವುದು ಇದನ್ನೇ: ಹಳೆ ಗೋಡೆ ಉಸಿರಾಡಬೇಕು, ಅದಕ್ಕೆ ಸುಣ್ಣವೇ ಸರಿ.

ನಮ್ಮಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸಿಯಾಗಿದೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಸತ್ತರು. ಅದೇ ಊರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಬಿತ್ತು. ಆಗ ಅಲ್ಲಿ ದುರಸ್ತಿಯ ಕೆಲಸವೇ ನಡೆಯುತ್ತಿತ್ತು. ಎರಡೂ ಸುಣ್ಣದ ಗಾರೆ, ಮರದ ತೊಲೆಗಳ ಕಾಲದ ಕಟ್ಟಡಗಳು. ಎರಡೂ ಬಿದ್ದದ್ದು ಮಳೆಗಾಲದಲ್ಲಿ. ಅವುಗಳ ಕುಸಿತಕ್ಕೆ ಸಿಮೆಂಟ್ ಒಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಹಳೆಯ ಕಟ್ಟಡದ ಒಳಗಿನ ಸ್ಥಿತಿ ತಿಳಿಯದೆ ಅದನ್ನು ಮುಟ್ಟಿದರೂ, ಮುಟ್ಟದೆ ಬಿಟ್ಟರೂ, ಜೀವಹಾನಿ ಎಷ್ಟು ಹತ್ತಿರವಿದೆ ಎಂಬುದಕ್ಕೆ ಅವು ಸಾಕ್ಷಿ.

ಈಗಲೇ ಯಾಕೆ

ಸಿಮೆಂಟ್ ಪಟ್ಟಿ ಹೊಸದೇನಲ್ಲ. ಆದರೆ ಕಳೆದ ಕೆಲವು ವರ್ಷಗಳಲ್ಲಿ ಮೂರು ಸಂಗತಿಗಳು ಒಟ್ಟಿಗೆ ಕೂಡಿವೆ.

ಮೊದಲನೆಯದು ಮಳೆ. 2024ರ ಅಕ್ಟೋಬರ್ 22ರ ಬೆಳಗಾಗುವಷ್ಟರಲ್ಲಿ, ಚಿತ್ತೆ ಮಳೆಯ ಕೊನೆಯ ದಿನಗಳಲ್ಲಿ, ಯಲಹಂಕದ ಮೇಲೆ ಆರು ಗಂಟೆಗಳಲ್ಲಿ 150 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಬೆಂಗಳೂರಿಗೆ ಇಡೀ ಅಕ್ಟೋಬರಿನಲ್ಲಿ ವಾಡಿಕೆಯಾಗಿ ಬೀಳುವ ಮಳೆಗೆ ಅದು ಹತ್ತಿರ. ಕೇಂದ್ರೀಯ ವಿಹಾರ ವಸತಿ ಸಮುಚ್ಚಯದಿಂದ ಜನರನ್ನು ದೋಣಿಗಳಲ್ಲಿ ಕರೆತರಬೇಕಾಯಿತು. 2021ರ ನವೆಂಬರಿನಲ್ಲೂ ಅಲ್ಲಿ ಹೀಗೆಯೇ ಆಗಿತ್ತು. ಸೋನೆಮಳೆ ಗೋಡೆಯನ್ನು ಒದ್ದೆ ಮಾಡಿ ಹೋಗುತ್ತದೆ. ಇಂಥ ಮಳೆ ಗೋಡೆಯ ಬುಡವನ್ನು ಗಂಟೆಗಟ್ಟಲೆ ನೀರಿನಲ್ಲಿ ನಿಲ್ಲಿಸುತ್ತದೆ.

ಎರಡನೆಯದು ರಸ್ತೆ. ಹಳೆಯ ಡಾಂಬರನ್ನು ಕೆರೆಯದೆ ಅದರ ಮೇಲೆಯೇ ಹೊಸ ಡಾಂಬರು, ಅದರ ಮೇಲೆ ಕಾಂಕ್ರೀಟ್ ಹಾಕುತ್ತ ಹೋದಂತೆ ಓಣಿಯ ಮಟ್ಟ ಏರಿದೆ. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಜಗಲಿಗೆ ಹೋಗಬೇಕಿದ್ದ ಮನೆಗೆ ಈಗ ರಸ್ತೆಯಿಂದ ಇಳಿದು ಹೋಗಬೇಕಾದ ಸ್ಥಿತಿಯನ್ನು ನೀವೇ ಕಂಡಿರುತ್ತೀರಿ. ಮಣ್ಣನ್ನು ನೀರಿನಿಂದ ದೂರವಿಡಲು ಕಟ್ಟಿದ ಕಲ್ಲಿನ ತಳಪಾಯ ರಸ್ತೆಯಡಿ ಹೂತುಹೋಗಿದೆ. ಚರಂಡಿಯ ನೀರು ನೇರವಾಗಿ ಮಣ್ಣಿಗೇ ತಾಗುತ್ತಿದೆ.

ಮೂರನೆಯದು ಬಳಕೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಭಾಗದ ನೆಲದ ಬೆಲೆ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಹಳೆಯ ಮನೆಯನ್ನು ಮೂರ್ನಾಲ್ಕು ಭಾಗ ಮಾಡಿ ಬಾಡಿಗೆಗೆ ಕೊಡುವುದು ಸಾಮಾನ್ಯ. ಒಂದೊಂದು ಭಾಗಕ್ಕೂ ಮಣ್ಣಿನ ಗೋಡೆಗೆ ಅಂಟಿಕೊಂಡ ಒಂದು ಬಚ್ಚಲು, ಒಂದು ನಲ್ಲಿ, ಟೈಲ್ಸ್. ಹಿಂದೆ ಹಿತ್ತಲಿನಲ್ಲಿದ್ದ ನೀರಿನ ಬಳಕೆ ಈಗ ಗೋಡೆಯೊಳಗೇ ಬಂದಿದೆ. ಇಂಥ ಮನೆಗಳಲ್ಲಿ ಹಲವೆಡೆ ಉಳಿದಿರುವವರು ವಯಸ್ಸಾದವರು, ಇಲ್ಲವೇ ಕಡಿಮೆ ಬಾಡಿಗೆಗೆಂದು ಬಂದ ದುಡಿಮೆಗಾರರು. ಗೋಡೆ ಬಿದ್ದರೆ ಅದರಡಿ ಮಲಗಿರುವವರು ಇವರು.

ನಿಮ್ಮ ಮನೆಯನ್ನು ಇವತ್ತೇ ನೋಡಿ

ಪರೀಕ್ಷೆಗೆ ದೊಡ್ಡ ಸಲಕರಣೆ ಬೇಡ. ಗೋಡೆಯ ಸಿಮೆಂಟನ್ನು ಅಡಿಗೊಂದು ಕಡೆ ಗಿಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ. ಕಂಬದ ಬುಡಕ್ಕೆ, ತೊಲೆ ಗೋಡೆಯನ್ನು ಹೊಗುವ ಜಾಗಕ್ಕೆ ದಬ್ಬಳ ಚುಚ್ಚಿ ನೋಡಿ. ಗಟ್ಟಿ ಚೇಗಿನ ಮರಕ್ಕೆ ದಬ್ಬಳ ಒಂದೆರಡು ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಬೆಣ್ಣೆಗೆ ಇಳಿದಂತೆ ಇಳಿದರೆ ಅಲ್ಲಿ ಮರವಿಲ್ಲ, ಮರದ ರೂಪವಷ್ಟೇ ಇದೆ. ಚುಚ್ಚಿ ಅಳೆಯುವ ತೇವಮಾಪಕ ಕೆಲವೇ ಸಾವಿರ ರೂಪಾಯಿಗೆ ಸಿಗುತ್ತದೆ, ಓಣಿಗೊಂದಿದ್ದರೆ ಸಾಕು. ಮರದಲ್ಲಿ 20 ದಾಟಿದ ಅಂಕಿ ಕಂಡರೆ ಎಚ್ಚರಗೊಳ್ಳಿ.

ಗೋಡೆ ಹೊಟ್ಟೆ ಬಿಟ್ಟಿದ್ದರೆ, ಸರಿಯಾಗಿ ಮುಚ್ಚುತ್ತಿದ್ದ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗಿದ್ದರೆ, ತೊಲೆಯ ಕೆಳಗೆ ಹೊಸ ನೇರ ಬಿರುಕು ಬಿಟ್ಟಿದ್ದರೆ, ರಾತ್ರಿ ಮಣ್ಣಿನ ಪುಡಿ ಉದುರುತ್ತಿದ್ದರೆ ಆ ಕೋಣೆಯಲ್ಲಿ ಮಲಗಬೇಡಿ. ಇವು ಮುಂದಿನ ವರ್ಷಕ್ಕೆ ಕಾಯುವ ಲಕ್ಷಣಗಳಲ್ಲ. ಮಳೆ ನಿಂತ ಮೇಲೂ ಎರಡು ಮೂರು ದಿನ ಅಪಾಯ ಇರುತ್ತದೆ. ಹೀರಿಕೊಂಡ ನೀರು ಗೋಡೆಯ ನಡುವನ್ನು ತಲುಪಲು ಅಷ್ಟು ಹೊತ್ತು ಬೇಕು.

ಸರಿಯಾದ ದುರಸ್ತಿ

ಮೊದಲ ಕೆಲಸ ನೀರಿನದು, ಗೋಡೆಯದಲ್ಲ. ಒಡೆದ ಹೆಂಚು ಬದಲಿಸಿ, ಸೂರಿನ ನೀರು ಗೋಡೆಯಿಂದ ದೂರ ಬೀಳುವಂತೆ ಮಾಡಿ, ಚರಂಡಿ ಸೋರುವುದನ್ನು ನಿಲ್ಲಿಸಿ, ಗೋಡೆಯ ಬುಡದ ಸುತ್ತ ಸೇರಿರುವ ಮಣ್ಣು, ಕಾಂಕ್ರೀಟನ್ನು ಆದಷ್ಟು ಕೆಳಗಿಳಿಸಿ. ಇಷ್ಟು ಮಾಡದೆ ಗೋಡೆಗೆ ಏನು ಬಳಿದರೂ ವ್ಯರ್ಥ.

ಎರಡನೆಯದು ಆನಿಕೆ. ಸಿಮೆಂಟ್ ತೆಗೆಯುವ ಮುನ್ನ ತೊಲೆಗಳಿಗೆ ಗಟ್ಟಿ ಆನಿಕೆ ಕೊಡಬೇಕು. ನೆನೆದ ಗೋಡೆಯಿಂದ ಸಿಮೆಂಟನ್ನು ಒಮ್ಮೆಗೇ ಬಡಿದು ಕಿತ್ತರೆ ಗೋಡೆಯೇ ಜೊತೆಗೆ ಬರಬಹುದು. ಬುಡದಿಂದ ಆರಂಭಿಸಿ, ಒಂದೊಂದು ಪಟ್ಟಿಯಾಗಿ, ಸುತ್ತಿಗೆಯ ಪೆಟ್ಟು ಕಡಿಮೆ ಮಾಡಿ, ಮಳೆಯಿಲ್ಲದ ತಿಂಗಳುಗಳಲ್ಲಿ ತೆಗೆಯಬೇಕು. ನಮ್ಮಲ್ಲಿ ಅದಕ್ಕೆ ತಕ್ಕ ಕಾಲ ಡಿಸೆಂಬರಿನಿಂದ ಯುಗಾದಿಯವರೆಗೆ. ತೆಗೆದ ಮೇಲೆ ಗೋಡೆಗೆ ಆರಲು ವಾರಗಟ್ಟಲೆ ಸಮಯ ಕೊಡಿ. ಈ ಹಂತಕ್ಕೆ ಹಳೆ ಕಟ್ಟಡ ಬಲ್ಲ ಎಂಜಿನಿಯರರ ಸಲಹೆ ಕಡ್ಡಾಯ; ಭಾರ ಹೊರುವ ಗೋಡೆಯನ್ನು ಅಂದಾಜಿನ ಮೇಲೆ ಮುಟ್ಟಬಾರದು.

ಮೂರನೆಯದು ಮರ. ಕೊಳೆತ ಬುಡವನ್ನಷ್ಟೇ ಕತ್ತರಿಸಿ, ಅದೇ ಜಾತಿಯ ಒಣಗಿದ ಚೇಗಿನ ಮರವನ್ನು ಓರೆಯಾಗಿ ಬೆಸೆದು ಕಂಬವನ್ನು ಉಳಿಸುವ ಕಲೆ ಒಳ್ಳೆಯ ಬಡಗಿಗೆ ಗೊತ್ತು. ಹೊಸ ತುಂಡಿಗೂ ಸುತ್ತಲಿನ ಹಳೆ ಮರಕ್ಕೂ ಬೊರಾಕ್ಸ್–ಬೋರಿಕ್ ಆಮ್ಲದ ದ್ರಾವಣ ಉಣಿಸಿದರೆ ಶಿಲೀಂಧ್ರ, ಹುಳು ಎರಡಕ್ಕೂ ತಡೆ. ಕಂಬದಡಿಯ ಕಲ್ಲು ಮತ್ತೆ ನೆಲದ ಮೇಲೆ ಕಾಣುವಂತಿರಲಿ.

ನಾಲ್ಕನೆಯದು ಗೋಡೆ. ಬಿದ್ದ ಮಣ್ಣನ್ನು ಎಸೆಯಬೇಡಿ. ಅದಕ್ಕೇ ನೀರು ಹಾಕಿ, ಕೊಚ್ಚಿದ ಹುಲ್ಲು ಬೆರೆಸಿ, ತುಳಿದು ಹದ ಮಾಡಿ ಮತ್ತೆ ಕಟ್ಟಬಹುದು. ಮೇಲೆ ಮಣ್ಣಿನ ಮೆತ್ತುಗೆ, ಇಲ್ಲವೇ ಒಂದು ಪಾಲು ಹದವಾಗಿ ಅರಳಿದ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳಿನ ಗಾರೆ. ಇಟ್ಟಿಗೆ ಪುಡಿ ಸೇರಿಸಿದರೆ ಬೇಗ ಸೆಟೆಯುತ್ತದೆ. ಹಳಬರು ಬೆಲ್ಲ, ಅಳಲೆಕಾಯಿ ನೀರು ಬೆರೆಸುತ್ತಿದ್ದುದೂ ಗಾರೆಯ ಹದಕ್ಕಾಗಿಯೇ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುವುದು ನಿಧಾನ. ಆತುರ ಬೇಡ, ಬಿಸಿಲಿಗೆ ಒಣಗದಂತೆ ಒದ್ದೆ ಗೋಣಿ ಹೊದಿಸಿ. ಕೊನೆಗೆ ಸುಣ್ಣದ ತಿಳಿ, ಮೂರು ಸಲ. ಪುಟ್ಟಿ, ಎಮಲ್ಷನ್ ಬೇಡ.

ಕೇಳಿಬರುವ ಮಾತುಗಳಿಗೆ

“ನಮ್ಮನೆಗೆ ಸಿಮೆಂಟ್ ಹಾಕಿ ಹತ್ತು ವರ್ಷ ಆಯ್ತು, ಏನೂ ಆಗಿಲ್ವಲ್ಲ” ಎನ್ನುವವರಿದ್ದಾರೆ. ತಾವೋಸಿನವರಿಗೂ ಹನ್ನೆರಡು ವರ್ಷ ಏನೂ ಆಗಿಲ್ಲ ಎಂದೇ ಅನ್ನಿಸಿತ್ತು. ಈ ಕೊಳೆತ ಕಣ್ಣಿಗೆ ಕಾಣದೆ ಬೆಳೆಯುವಂಥದ್ದು. “ಸುಣ್ಣದ ಕೆಲಸದವರು ಎಲ್ಲಿ ಸಿಗ್ತಾರೆ” ಎಂಬುದು ನಿಜವಾದ ಕಷ್ಟ. ಆದರೆ ಮಣ್ಣಿನ ಮೆತ್ತುಗೆ ಮನೆಯವರೇ ಕಲಿತು ಮಾಡಬಹುದಾದ ಕೆಲಸ. ಸುಣ್ಣದ ಗಾರೆಯನ್ನು ಸಿಮೆಂಟ್ ಮೇಸ್ತ್ರಿಗೂ ಕಲಿಸಬಹುದು. ಕರಣೆ ಹಿಡಿದ ಕೈ ಅದೇ.

ಇಲ್ಲಿ ಸರ್ಕಾರದ ಕೆಲಸವೂ ಇದೆ. ಬೆಂಗಳೂರು ಉತ್ತರ ನಗರ ಪಾಲಿಕೆ ತನ್ನ ವ್ಯಾಪ್ತಿಯ ಹಳೆ ಊರುಗಳ ಮಣ್ಣು–ಮರದ ಮನೆಗಳನ್ನು ಮಳೆಗಾಲಕ್ಕೆ ಮೊದಲು ಒಂದು ಸಲ ಎಣಿಸಿ, ತಟ್ಟಿ, ಚುಚ್ಚಿ ನೋಡಬೇಕು. ರಸ್ತೆಗೆ ಹೊಸ ಡಾಂಬರು ಹಾಕುವ ಮೊದಲು ಹಳೆಯದನ್ನು ಕೆರೆಯಬೇಕು. ಮರ ಬಲ್ಲವರು ಮಲ್ಲೇಶ್ವರದಲ್ಲಿದ್ದಾರೆ, ಮಣ್ಣು ಬಲ್ಲವರು ವಿಜ್ಞಾನ ಸಂಸ್ಥೆಯಲ್ಲಿದ್ದಾರೆ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಗಾರೆ ಕೆಲಸಕ್ಕೊಂದು ತರಬೇತಿ ಶುರುವಾಗಲು ಇದಕ್ಕಿಂತ ಹೆಚ್ಚು ಅನುಕೂಲ ಬೇರೆ ಯಾವ ಊರಿಗಿದೆ?

ಮನೆ ಉಳಿಸುವುದೋ ಕೆಡವುವುದೋ ಮನೆಯವರಿಗೆ ಬಿಟ್ಟದ್ದು. ಆದರೆ ಒಳಗೆ ಜನರಿರುವವರೆಗೆ ಅದನ್ನು ಕೊಳೆಯಲು ಬಿಡುವ ಹಕ್ಕು ಯಾರಿಗೂ ಇಲ್ಲ. ನಿಮ್ಮದೋ, ನಿಮ್ಮ ಅಜ್ಜಿಯದೋ, ನೀವು ಬಾಡಿಗೆಗೆ ಕೊಟ್ಟದ್ದೋ, ಇಂಥದೊಂದು ಮನೆ ಇದ್ದರೆ ಬರುವ ಭಾನುವಾರ ಒಂದು ದಬ್ಬಳ ಹಿಡಿದು ಅಲ್ಲಿಗೆ ಹೋಗಿ. ಕಂಬದ ಬುಡಕ್ಕೆ ಚುಚ್ಚಿ ನೋಡಿ. ಅದು ಮೆತ್ತಗಿದ್ದರೆ ಮೇಲಿನ ತೊಲೆಗೆ ಅಂದೇ ಆನಿಕೆ ಕೊಡಿಸಿ, ಆ ಕೋಣೆಯ ಹಾಸಿಗೆಯನ್ನು ಬೇರೆ ಕಡೆಗೆ ಸರಿಸಿ. ಇನ್ನೆರಡು ಅಡಿ ಸಿಮೆಂಟಿಗೆ ಮಾತ್ರ ಮುಂಗಡ ಕೊಡಬೇಡಿ.